ಸೊನ್ನೆ ತಪ್ಪಿದರೆ ಗಂಗಾವತಿ ಸಿಗದು

ಮಾನ್ಯ ಸಂಪಾದಕರಿಗೆ ನಮಸ್ಕಾರ.

‘ಗಂಗಾವತಿ’ ಮತ್ತು ‘ಗ೦ಗಾವತಿ’. ಪತ್ರಿಕೆಯಲ್ಲಿ ಅಚ್ಚಾದಾಗ ಇವೆರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಆದರೆ ಮೊದಲನೆಯದರಲ್ಲಿ ಗಕಾರದ ಪಕ್ಕ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿಯ ಸೊನ್ನೆ. ಶಾಲೆಯಲ್ಲಿ ಎರಡನ್ನೂ ‘ಸೊನ್ನೆ’ ಎಂದೇ ಹೇಳಿಕೊಡುವುದರಿಂದ ಟೈಪ್ ಮಾಡುವವರ ಕೈ ಸಹಜವಾಗಿ ಅಂಕಿಯ ಕೀಲಿಗೆ ಹೋಗುತ್ತದೆ. ಪರದೆಯ ಮೇಲೆ ಸರಿಯಾಗಿಯೇ ಕಂಡಿತು ಎಂದು ಹಾಗೇ ಅಂತರ್ಜಾಲಕ್ಕೆ ಏರಿಸುತ್ತಾರೆ. ಅಲ್ಲಿಂದ ಮುಂದೆ ಆ ಬರಹವನ್ನು ಯಾರು ಎಷ್ಟು ಹುಡುಕಿದರೂ ಕಷ್ಟ. ಹುಡುಕುವವರು ಸರಿಯಾದ ಅನುಸ್ವಾರ ಹಾಕಿ ‘ಗಂಗಾವತಿ’ ಎಂದು ಕೇಳುತ್ತಾರೆ. ಬರಹದ ಒಳಗೆ ಆ ಊರೇ ಇರುವುದಿಲ್ಲ. ಸಿಂಧನೂರು, ಲಿಂಗಸುಗೂರು, ಕಂಪ್ಲಿ, ಸಂಡೂರು ಎಲ್ಲದರ ಗತಿಯೂ ಇದೇ. ದೃಷ್ಟಿ ಇಲ್ಲದವರು ಫೋನಿನಿಂದ ಓದಿಸಿಕೊಂಡು ಕೇಳುವಾಗ ಊರಿನ ಹೆಸರಿನ ನಡುವೆ ‘ಸೊನ್ನೆ’ ಎಂಬ ಅಂಕಿ ಬಂದು ಕೂರುತ್ತದೆ.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ಈಗ ಬಹಳ ಜನ ಅಂತರ್ಜಾಲದಲ್ಲಿ ಕನ್ನಡ ಬರೆಯುತ್ತಿದ್ದಾರೆ. ಊರ ಸುದ್ದಿ, ಜಾತ್ರೆಯ ವಿವರ, ಶಾಸನಗಳ ಟಿಪ್ಪಣಿ, ಮಾರುಕಟ್ಟೆ ದರ, ಸಂಘದ ಪ್ರಕಟಣೆ ಎಲ್ಲವೂ ಬರುತ್ತಿದೆ. ಬರೆಯುವ ಶ್ರಮ ಸಣ್ಣದಲ್ಲ. ಅಷ್ಟು ಶ್ರಮದ ಬರಹ ಅಕ್ಷರದ ಒಳಗಿನ ತಪ್ಪಿನಿಂದ ಯಾರಿಗೂ ಸಿಗದೆ ಹೋಗುತ್ತಿದೆ ಎಂಬುದು ನಮ್ಮ ಸಂಕಟ. ತಿದ್ದುವುದು ಕಷ್ಟವಲ್ಲ. ಹೇಗೆ ಎಂದು ಬಿಡಿಸಿ ಹೇಳಲು ಈ ಪತ್ರ.

ಸೊನ್ನೆಯನ್ನು ಪರೀಕ್ಷಿಸುವ ಸುಲಭ ದಾರಿ ಇದು. ಬರಹವನ್ನು ತೆರೆದು ಕಂಟ್ರೋಲ್ ಮತ್ತು ಎಫ್ ಒತ್ತಿ, ಹುಡುಕುವ ಜಾಗದಲ್ಲಿ ಅಂಕಿಯ ಸೊನ್ನೆ ೦ ಹಾಕಿ. ಪದಗಳ ನಡುವೆ ಬಣ್ಣ ಬಂದರೆ ತಪ್ಪು ಇದೆ ಎಂದರ್ಥ. ಅನುಮಾನ ಉಳಿದರೆ ವರ್ಡ್‌ನಲ್ಲಿ ಆ ಗುರುತಿನ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಜೊತೆ ಎಕ್ಸ್ ಒತ್ತಿ. ಅನುಸ್ವಾರವಾದರೆ 0ಸಿ82 ಎಂದೂ ಅಂಕಿಯಾದರೆ 0ಸಿಇ6 ಎಂದೂ ಅದರ ಸಂಕೇತವನ್ನು ಇಂಗ್ಲಿಷಿನಲ್ಲಿ ತೋರಿಸುತ್ತದೆ. ಇನ್ನೊಮ್ಮೆ ಅದನ್ನೇ ಒತ್ತಿದರೆ ಅಕ್ಷರ ವಾಪಸ್ ಬರುತ್ತದೆ. ತಿದ್ದುವಾಗ ಮಾತ್ರ ಆತುರ ಬೇಡ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ‘ರಿಪ್ಲೇಸ್ ಆಲ್’ ಒತ್ತಿದರೆ ೨೦೨೪ ಎಂದು ಕನ್ನಡ ಅಂಕಿಯಲ್ಲಿ ಬರೆದ ಇಸವಿಯ ಸೊನ್ನೆಯೂ ಅನುಸ್ವಾರವಾಗಿ ಹೋಗುತ್ತದೆ, ದಿನಾಂಕಗಳೂ ಮೊತ್ತಗಳೂ ಕೆಡುತ್ತವೆ. ಹಿಂದಿನ ಗುರುತು ಅಕ್ಷರವೋ ಅಂಕಿಯೋ ನೋಡಿಕೊಂಡು ಒಂದೊಂದಾಗಿ ಬದಲಿಸಬೇಕು. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಮಣೆಯಲ್ಲಿ ಅನುಸ್ವಾರ ಬರುವುದು ಶಿಫ್ಟ್ ಹಿಡಿದು ಎಂ ಒತ್ತಿದಾಗ. ಇನ್ನೊಂದು ಕೀಲಿಮಣೆ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲಿ ಎಕ್ಸ್ ಕೀಲಿಗೆ. ಇಷ್ಟು ರೂಢಿಯಾದರೆ ಮುಂದೆ ತಿದ್ದುವ ಕೆಲಸವೇ ಇಲ್ಲ.

ಸೊನ್ನೆಯ ಜೊತೆಗಾರ ಒಂಬತ್ತು. ಅರ್ಕಾವೊತ್ತು ಹಾಕಲು ಬಾರದೆ ಅದೇ ಆಕಾರದ ಅಂಕಿ ೯ ಹಾಕಿ ‘ಯಲಬುಗಾ೯’, ‘ದೇವದುಗ೯’ ಎಂದು ಬರೆದುಬಿಡುತ್ತಾರೆ. ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತುಮಾಡಿರುವ ಯೂನಿಕೋಡ್‌ನಲ್ಲಿ ಅರ್ಕಾವೊತ್ತಿಗೆ ಪ್ರತ್ಯೇಕ ಗುರುತೇ ಇಲ್ಲ. ಬಾಯಲ್ಲಿ ಹೇಳುವ ಕ್ರಮದಲ್ಲೇ ಮೊದಲು ರ, ಆಮೇಲೆ ಹಲಂತ (ಅಕ್ಷರವನ್ನು ಅರ್ಧ ಮಾಡುವ ಗುರುತು), ಆಮೇಲೆ ಗ ಒತ್ತಿದರೆ ಅರ್ಕಾವೊತ್ತು ತಾನಾಗಿ ಮೂಡಿ ‘ರ್ಗ’ ಆಗುತ್ತದೆ. ಕಾಣುವ ಕ್ರಮಕ್ಕೂ ಟೈಪ್ ಮಾಡುವ ಕ್ರಮಕ್ಕೂ ವ್ಯತ್ಯಾಸ ಇರುವುದರಿಂದಲೇ ಈ ಗೊಂದಲ. ‘ರ‍್ಯಾಂಕ್’ ಎಂದು ರಕಾರಕ್ಕೆ ಯಒತ್ತು ಕೊಡಬೇಕಾದಾಗ ಮಾತ್ರ ರ ಆದ ಮೇಲೆ ಝಡ್‌ಡಬ್ಲ್ಯುಜೆ ಎಂಬ ಕಣ್ಣಿಗೆ ಕಾಣದ ಗುರುತೊಂದನ್ನು ಇಟ್ಟು, ನಂತರ ಹಲಂತ ಮತ್ತು ಯ ಹಾಕಬೇಕು. ಇಲ್ಲದಿದ್ದರೆ ಯ ಮೇಲೆ ಅರ್ಕಾವೊತ್ತು ಕೂತು ಓದಲು ಬೇರೆಯೇ ಆಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ನುಡಿ ಫಾಂಟಿನ ಹಳೆಯ ಬರಹದ್ದು. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ‘ಬರಹ’ ಎಂಬ ತಂತ್ರಾಂಶ, ಇವು ಇಲ್ಲದಿದ್ದರೆ ನಮ್ಮ ಕಡೆಯ ಕಚೇರಿ, ಮುದ್ರಣಾಲಯಗಳಲ್ಲಿ ಕನ್ನಡ ಟೈಪಿಂಗ್ ಇಷ್ಟು ಬೇಗ ಬೇರೂರುತ್ತಿರಲಿಲ್ಲ. ಆ ಉಪಕಾರ ಮರೆಯುವಂಥದ್ದಲ್ಲ. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿಯ ಹಳೆಯ ಕಡತದ ಒಳಗೆ ಇರುವುದು ಏಳು ಗುರುತು: ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಓರೆಗೀಟಿರುವ ದೊಡ್ಡ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಎ. ಪಿ ಎಂದರೆ ತಲಕಟ್ಟಿಲ್ಲದ ಕ. ಗೀಟಿನ ಎ ಎಂದರೆ ತಲಕಟ್ಟು. ಪೌಂಡ್ ಎಂದರೆ ನ. ಜರ್ಮನ್ ಎಸ್ ಎಂದರೆ ನಒತ್ತು. ಕ್ಯೂ ಎಂದರೆ ಡ. ಕಾಗದದ ಮೇಲೆ ಅಚ್ಚು ಹಾಕುವವರೆಗೆ ಯಾವ ತೊಂದರೆಯೂ ಇಲ್ಲ. ಅದನ್ನೇ ಕಾಪಿ ಮಾಡಿ ಅಂತರ್ಜಾಲದಲ್ಲಿ ಅಂಟಿಸಿದರೆ, ಆ ಫಾಂಟ್ ಇಲ್ಲದ ಫೋನಿನಲ್ಲಿ ಪಿ, ಪೌಂಡು, ಕ್ಯೂಗಳ ಕಸ ಬೀಳುತ್ತದೆ. ಯೂನಿಕೋಡ್‌ನಲ್ಲಿ ಇದೇ ಪದ ಐದೇ ಗುರುತು: ಕ, ನ, ಹಲಂತ, ನ, ಡ. ಯಾವ ಫೋನಿಗೆ ಹೋದರೂ ಅದು ಕನ್ನಡವೇ.

‘ನುಡಿ’ಯಲ್ಲೂ ‘ಬರಹ’ದಲ್ಲೂ ಯೂನಿಕೋಡ್ ಆಯ್ಕೆ ಇದೆ. ಕೀಲಿಮಣೆ ಅದೇ, ಬೆರಳಿಗೆ ಹೊಸದಾಗಿ ಕಲಿಸಬೇಕಾದ್ದು ಹೆಚ್ಚೇನಿಲ್ಲ. ಹಳೆಯ ಕಡತಗಳನ್ನು ಪರಿವರ್ತಕ ಎಂಬ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಬಹುದು. ಆದರೆ ಪರಿವರ್ತಕಕ್ಕೆ ಇಡೀ ಕಡತವನ್ನು ಸುರಿದು ಬಂದದ್ದನ್ನು ಹಾಗೇ ಪ್ರಕಟಿಸಿದರೆ ಮೂರು ಕಡೆ ಏಟು ಬೀಳುತ್ತದೆ. ಒಂದು, ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡದ ಚೂರು ಎಂದು ತಿಳಿದು ಏನೇನೋ ಅಕ್ಷರ ಮಾಡಿಬಿಡುತ್ತದೆ. ಮಿಂಚಂಚೆ ವಿಳಾಸ, ವೆಬ್ ವಿಳಾಸ, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಇವುಗಳನ್ನು ಮೊದಲೇ ತೆಗೆದಿಟ್ಟು ಆಮೇಲೆ ಸೇರಿಸಬೇಕು. ಎರಡು, ಹಳೆಯ ಕಡತದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಕಳಪೆ ಪರಿವರ್ತಕ ಈ ಅದಲುಬದಲು ಮಾಡುವುದಿಲ್ಲ. ಆದ್ದರಿಂದ ಬದಲಿಸಿದ ಕೂಡಲೇ ‘ಕರ್ನಾಟಕ’, ‘ವರ್ಷ’, ‘ಕಾರ್ಯ’ ಈ ಮೂರು ಪದಗಳನ್ನು ನೋಡಿ. ಇವು ನೆಟ್ಟಗಿದ್ದರೆ ಉಳಿದದ್ದೂ ಬಹುಮಟ್ಟಿಗೆ ನೆಟ್ಟಗಿರುತ್ತದೆ. ಮೂರು, ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಬರೆದದ್ದನ್ನು ನುಡಿಯ ಪರಿವರ್ತಕಕ್ಕೆ ಕೊಟ್ಟರೆ ಆಗದು, ಅದರ ಹೊಂದಾಣಿಕೆಯೇ ಬೇರೆ. ಕಡತದ ಫಾಂಟಿನ ಹೆಸರು ನೋಡದೆ ಕೆಲಸ ಶುರು ಮಾಡಬಾರದು.

ಪರದೆಯ ಮೇಲೆ ಕಾಣುವ ಕಸ ಒಂದೇ ಬಗೆಯದಲ್ಲ, ಅದನ್ನು ನೋಡಿಯೇ ರೋಗ ಹೇಳಬಹುದು. ಖಾಲಿ ಚೌಕಗಳು ಸಾಲಾಗಿ ಕಂಡರೆ ಬರಹ ಸರಿಯಿದೆ, ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ. ನೋಟೋ ಸ್ಯಾನ್ಸ್ ಕನ್ನಡ ಎಂಬ ಫಾಂಟ್ ಹಾಕಿಕೊಂಡರೆ ಸಾಕು. ಚುಕ್ಕಿಗಳ ವೃತ್ತ ಕಂಡರೆ ಗುಡಿಸು, ಕೊಂಬು ಅಥವಾ ಒತ್ತು ಅಕ್ಷರಕ್ಕಿಂತ ಮೊದಲೋ ಎರಡು ಸಲವೋ ಬಿದ್ದಿದೆ; ಆ ಅಕ್ಷರವನ್ನು ಅಳಿಸಿ ಮತ್ತೆ ಟೈಪ್ ಮಾಡಿ. ತಲೆ ಮೇಲೆ ಓರೆಗೀಟಿರುವ ಸಣ್ಣ ಎ ಅಕ್ಷರ ಪ್ರತಿ ಮೂರು ಗುರುತಿಗೊಮ್ಮೆ ಬರುತ್ತಿದ್ದರೆ ಅದು ನುಡಿಯ ಕಸ ಅಲ್ಲ, ಸರಿಯಾದ ಯೂನಿಕೋಡನ್ನೇ ತಪ್ಪಾಗಿ ತೆರೆಯಲಾಗಿದೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್ ಹಿಡಿಯುತ್ತದೆ. ಮೂರನ್ನೂ ಬಿಡಿಬಿಡಿಯಾಗಿ ಓದಿದ್ದರಿಂದ ಹಾಗಾಗಿದೆ, ಮರಳಿ ಪಡೆಯಬಹುದು. ಎಕ್ಸೆಲ್‌ನಲ್ಲಿ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿಯ) ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ ಆಗುವುದು ಸಾಮಾನ್ಯವಾಗಿ ಇದೇ. ಡೇಟಾ ಎಂಬಲ್ಲಿ ಹೋಗಿ, ಫ್ರಮ್ ಟೆಕ್ಸ್ಟ್ ಆರಿಸಿ, ಫೈಲ್ ಆರಿಜಿನ್ ಕೇಳಿದಾಗ 65001 ಯುಟಿಎಫ್-8 ಕೊಟ್ಟರೆ ಹೆಸರುಗಳೆಲ್ಲ ಕನ್ನಡವಾಗಿ ನಿಲ್ಲುತ್ತವೆ. ಉಳಿಸುವಾಗಲೂ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಬೇಕು.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಬಹುತೇಕ ಕೈಬಿಟ್ಟಂತೆ. ಡೇಟಾಬೇಸಿಗೆ ಕನ್ನಡ ಹಿಡಿಸದ ಪದ್ಧತಿ ಇಟ್ಟಿದ್ದರಿಂದ ಪ್ರತಿ ಅಕ್ಷರವನ್ನೂ ಅದು ಪ್ರಶ್ನೆಯ ಗುರುತಾಗಿ ಬರೆದಿಟ್ಟಿದೆ. ಮೂಲ ಅಕ್ಷರ ಅಲ್ಲಿ ಉಳಿದೇ ಇಲ್ಲ. ಯಾವ ತಂತ್ರಾಂಶವೂ ಅದನ್ನು ವಾಪಸ್ ತರಲಾರದು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಬಳಸುವವರು ಮೊದಲ ದಿನವೇ ಯುಟಿಎಫ್8ಎಂಬಿ4 ಎಂಬ ಪದ್ಧತಿ ಇಟ್ಟುಕೊಳ್ಳಬೇಕು, ಮತ್ತು ಹತ್ತು ಸಾವಿರ ಹೆಸರು ತುಂಬುವ ಮೊದಲು ‘ಕುಷ್ಟಗಿ’ ಎಂಬ ಒಂದು ಹೆಸರು ತುಂಬಿ, ಪುಟ ಮುಚ್ಚಿ ತೆರೆದು ನೋಡಬೇಕು.

ಕೊಪ್ಪಳದವರಿಗೆ ಇನ್ನೊಂದು ವಿಶೇಷ ತೊಡಕು ಇದೆ. ‘ಕೊ’ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಇಡಬಹುದು. ಕಕಾರಕ್ಕೆ ಒತ್ವದ ಒಂದೇ ಗುರುತು ಕೊಡುವುದು ಒಂದು ಬಗೆ. ಕಾಗುಣಿತದಲ್ಲಿ ಹೇಳುವ ಹಾಗೆ ಎತ್ವ, ಅದರ ಮುಂದೆ ಕೊಂಬಿನ ಇಳಿ ಎಂದು ಎರಡು ಗುರುತು ಕೊಡುವುದು ಇನ್ನೊಂದು. ಪರದೆಯ ಮೇಲೆ ಎರಡೂ ‘ಕೊ’ ಆಗಿಯೇ ಕಾಣುತ್ತವೆ. ಕೋಡನ್ನಷ್ಟೇ ಹೋಲಿಸಿ ನೋಡುವ ತಂತ್ರಾಂಶಕ್ಕೆ ಮಾತ್ರ ಅವು ಬೇರೆ ಬೇರೆ ಊರು. ಫಲಾನುಭವಿಗಳ ಪಟ್ಟಿಯನ್ನು ತಾಲ್ಲೂಕುವಾರು ವಿಂಗಡಿಸಿದಾಗ ‘ಕೊಪ್ಪಳ’ ಎರಡು ಸಲ ಬಂದು, ಎಣಿಕೆ ಎರಡು ಪಾಲಾದರೆ ಮೊದಲು ಇದನ್ನೇ ಶಂಕಿಸಬೇಕು. ಪರಿವರ್ತಕದಿಂದ ಬಂದ ಪಠ್ಯ ಮತ್ತು ಫೋನಿನಲ್ಲಿ ಟೈಪ್ ಮಾಡಿದ ಪಠ್ಯ ಬೆರೆತ ಕಡೆ ಇದು ಆಗಬಹುದು. ಪರಿಹಾರಕ್ಕೆ ಎನ್‌ಎಫ್‌ಸಿ ಎಂಬ ಕ್ರಮಬದ್ಧಗೊಳಿಸುವ ವಿಧಾನ ಇದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಒಂದು ಸಾಲಿನ ಕೆಲಸ. ಆದರೆ ಮೇಲೆ ಹೇಳಿದ ಸೊನ್ನೆ, ಒಂಬತ್ತುಗಳನ್ನು ಎನ್‌ಎಫ್‌ಸಿ ತಿದ್ದುವುದಿಲ್ಲ. ಅದಕ್ಕೆ ಅವು ತಪ್ಪೇ ಅಲ್ಲ, ಬರೀ ಅಂಕಿಗಳು.

ಇದೆಲ್ಲ ಬರೆಯುವವರ ಕೈಯಲ್ಲಿರುವ ಮಾತಾಯಿತು. ಹೆಚ್ಚು ನೋವು ಕೊಡುವುದು ಪ್ರಕಟಣೆಗಳನ್ನು ಚಿತ್ರ ಮಾಡಿ ಹಾಕುವ ಪದ್ಧತಿ. ಕಂಪ್ಯೂಟರಿನಲ್ಲಿ ನೀಟಾಗಿ ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು, ಸಹಿ ಮಾಡಿಸಿ, ಮೊಹರು ಹಾಕಿಸಿ, ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸುತ್ತಾರೆ. ಕೆಲವೊಮ್ಮೆ ಟ್ಯೂಬ್‌ಲೈಟಿನ ಕೆಳಗೆ ಫೋನಿನಲ್ಲಿ ಫೋಟೊ ಹೊಡೆದು ವಾಟ್ಸ್ಆ್ಯಪ್‌ಗೆ ಬಿಡುತ್ತಾರೆ. ಗುಂಪಿಂದ ಗುಂಪಿಗೆ ಹೋಗುವಷ್ಟರಲ್ಲಿ ಒತ್ತಕ್ಷರ ಕರಗಿ, ‘ದ’ ಯಾವುದು ‘ಧ’ ಯಾವುದು ತಿಳಿಯದಾಗುತ್ತದೆ. ಟೈಪ್ ಮಾಡಿದ ಅಕ್ಷರ ಕೈಯಲ್ಲಿದ್ದೂ ಅದನ್ನು ಕೊಡದೆ ಅದರ ನೆರಳನ್ನು ಕೊಟ್ಟಂತಾಯಿತು. ಸಂವಿಧಾನದ 371(ಜೆ) ಅನ್ವಯ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಮೀಸಲಿರುವ ಹುದ್ದೆಗಳ ಪಟ್ಟಿ, ಅದಕ್ಕೆ ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನ, ಇಂಥವು ಚಿತ್ರದೊಳಗೆ ಅಡಗಿದರೆ ಮಾನ್ವಿಯ ಹಳ್ಳಿಯ ಹುಡುಗಿ ಹುಡುಕಿ ತೆಗೆಯುವುದು ಹೇಗೆ? ದೃಷ್ಟಿ ಇಲ್ಲದ ಅಭ್ಯರ್ಥಿಗೆ ಫೋನು ಓದಿ ಹೇಳುವುದು ‘ಚಿತ್ರ’ ಎಂಬ ಒಂದೇ ಪದ. ಅವರಿಗೆ ಹಕ್ಕಾಗಿ ಸಿಗಬೇಕಾದ ಮಾಹಿತಿ ಅದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್‌ನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಂಥ ಹೊತ್ತಿನಲ್ಲಿ ನದಿದಂಡೆಯ ಊರುಗಳಿಗೆ ಬೇಕಾಗುವುದು ಎಷ್ಟು ಗಂಟೆಗೆ, ಎಷ್ಟು ಕ್ಯೂಸೆಕ್ ಎಂಬ ಎರಡು ಸಾಲು. ಪಠ್ಯವಾಗಿ ಬಂದರೆ ಹುಡುಕಬಹುದು, ಓದಿಸಿಕೊಳ್ಳಬಹುದು, ನೆಟ್‌ವರ್ಕ್ ಕುಂಟುವ ಕಡೆಯೂ ಇಳಿಯುತ್ತದೆ. ದಿನಾಂಕ ಇಲ್ಲದ ಚಿತ್ರವಾದರೆ ಮರುವರ್ಷವೂ ಅದೇ ಸುತ್ತಾಡಿ ಜನರನ್ನು ಹೆದರಿಸುತ್ತದೆ. ಎಡದಂಡೆ ಕಾಲುವೆಗೆ ನೀರು ಬಿಡುವ ದಿನದ ಪ್ರಕಟಣೆಗೂ ಇದೇ ಮಾತು. ಕಾರಟಗಿ, ಸಿಂಧನೂರು ಕಡೆಯ ರೈತರು ಸಸಿಮಡಿ ಹಾಕುವುದು ಆ ದಿನ ನೋಡಿಕೊಂಡು.

ಸಹಿ ಬೇಕೇ ಬೇಕು ಎನ್ನುವುದು ನ್ಯಾಯ. ಸಹಿಯ ಪ್ರತಿಯ ಪಿಡಿಎಫ್ ಇರಲಿ, ಅದರ ಜೊತೆಗೆ ಟೈಪ್ ಮಾಡಿದ ಪಠ್ಯವನ್ನೂ ವೆಬ್ ಪುಟದಲ್ಲಿ ಅಂಟಿಸಲಿ. ಐದು ನಿಮಿಷದ ಕೆಲಸ. ವರ್ಡ್‌ನಿಂದ ನೇರವಾಗಿ ಮಾಡಿದ ಪಿಡಿಎಫ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಕನ್ನಡದ ಮಟ್ಟಿಗೆ ಅದನ್ನು ನಂಬುವಂತಿಲ್ಲ. ಅದರಿಂದ ಕಾಪಿ ಮಾಡಿದರೆ ಎಷ್ಟೋ ಸಲ ಒತ್ತಕ್ಷರಗಳು ಜಾಗ ಬಿಟ್ಟು ಬೇರೆ ಕಡೆ ಹೋಗಿರುತ್ತವೆ. ಕಡತಕ್ಕೆ ‘ಸ್ಕ್ಯಾನ್ 0001’ ಎಂಬ ಹೆಸರು ಬಿಟ್ಟು ಇಸವಿ, ತಿಂಗಳು, ದಿನ, ಆಮೇಲೆ ವಿಷಯ ಎಂದು ಹೆಸರಿಟ್ಟರೆ ಮುಂದಿನ ವರ್ಷ ಹುಡುಕುವವರು ಹರಸುತ್ತಾರೆ. 2019ರ ಸೆಪ್ಟೆಂಬರ್ 17ಕ್ಕೆ ಮುಂಚಿನ ಆದೇಶಗಳಲ್ಲಿ ‘ಕಲ್ಯಾಣ ಕರ್ನಾಟಕ’ದ ಬದಲು ‘ಹೈದರಾಬಾದ್ ಕರ್ನಾಟಕ’ ಎಂದೇ ಇರುತ್ತದೆ, ಅದರಲ್ಲೂ ಒಬ್ಬರದು ‘ಹೈದ್ರಾಬಾದ್’. ವಿಷಯದ ಸಾಲಿನಲ್ಲಿ ಹೊಸ ಹೆಸರು ಬರೆದು, ಒಳಗೆ ಒಮ್ಮೆ ಹಳೆಯ ಹೆಸರನ್ನೂ ಕಾಣಿಸಬೇಕು. ಮಾನ್ವಿ, ಮಾನವಿ, ಸಿರುಗುಪ್ಪ, ಸಿರಗುಪ್ಪ ಇವಕ್ಕೂ ಅದೇ ಉಪಾಯ. ಅಂಕಿಗಳನ್ನು ಒಂದು ಬರಹದಲ್ಲಿ ಒಂದೇ ಬಗೆಯಲ್ಲಿ ಬರೆಯಬೇಕು, 371 ಒಂದು ಕಡೆ ೩೭೧ ಇನ್ನೊಂದು ಕಡೆ ಬೇಡ. ಕಂಪ್ಯೂಟರಿಗೆ ಅವು ಬೇರೆ ಬೇರೆ ಗುರುತು.

ಈಗಾಗಲೇ ಚಿತ್ರವಾಗಿ ಹೋದದ್ದನ್ನು ಪಠ್ಯ ಮಾಡಲು ದಾರಿ ಇದೆ. 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿ) ನೆಟ್ಟಗೆ ಸ್ಕ್ಯಾನ್ ಮಾಡಿ, ಕಡತ 2 ಎಂಬಿ ಮೀರದ ಹಾಗೆ ನೋಡಿಕೊಂಡು, ಕಂಪ್ಯೂಟರಿನಿಂದ ಗೂಗಲ್ ಡ್ರೈವ್‌ಗೆ ಏರಿಸಿ, ರೈಟ್ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಬಂದದ್ದನ್ನು ಕಣ್ಣಿಟ್ಟು ಓದಲೇಬೇಕು. ದ, ಧ, ಥ ಇವು ಹೊಟ್ಟೆಯ ಚುಕ್ಕೆ, ಕೆಳಗಿನ ಗೀಟಿನಲ್ಲಷ್ಟೇ ಬೇರೆಯಾದ್ದರಿಂದ ಸಿಂಧನೂರು ‘ಸಿಂದನೂರು’ ಆಗಬಹುದು. ಘ ಮತ್ತು ಫ ಕೂಡ ಹಾಗೇ. ಮೊತ್ತ, ಸರ್ವೆ ನಂಬರ್, ದಿನಾಂಕಗಳನ್ನು ಮೂಲದ ಜೊತೆ ಒಂದೊಂದಾಗಿ ತಾಳೆ ನೋಡಬೇಕು.

ಎಸ್ಎಂಎಸ್ ಕಳಿಸುವವರಿಗೆ ಎರಡು ಮಾತು. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಗುರುತು ಮಾತ್ರ. ಉದ್ದವಾಗಿ ತುಂಡಾದರೆ ತುಂಡಿಗೆ 67. ‘ಸ್ತ್ರೀ’ ಎಂಬ ಒಂದು ಅಕ್ಷರವೇ ಆರು ಗುರುತು. ಖರ್ಚು ಹೆಚ್ಚೆಂದು ಕನ್ನಡ ಬಿಡುವುದಕ್ಕಿಂತ ಗೌರವ ವಿಶೇಷಣಗಳನ್ನು ಕಡಿಮೆ ಮಾಡಿ ವಿಷಯವನ್ನೇ ಬರೆಯುವುದು ಮೇಲು. ಕನ್ನಡ ಇರುವ ವೆಬ್ ವಿಳಾಸವನ್ನು ಕಾಪಿ ಮಾಡಿದಾಗ ಅದು ಶೇಕಡಾ ಗುರುತುಗಳ ಉದ್ದ ಹಗ್ಗವಾಗುತ್ತದೆ. ‘ಕೊಪ್ಪಳ’ ಒಂದೇ 54 ಅಕ್ಷರ ನುಂಗುತ್ತದೆ. ಅದು ಕೆಟ್ಟ ಲಿಂಕ್ ಅಲ್ಲ, ಆದರೆ ಅರ್ಧಕ್ಕೆ ತುಂಡಾಗಿ ಕೆಲಸ ಮಾಡದೆ ಹೋಗುವ ಸಂಭವ ಹೆಚ್ಚು. ಶೀರ್ಷಿಕೆ ಕನ್ನಡದಲ್ಲಿರಲಿ, ವಿಳಾಸದ ಬಾಲ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿರಲಿ.

ಡಿಟಿಪಿ ಅಂಗಡಿಯವರೂ ಫ್ಲೆಕ್ಸ್ ಮಾಡುವವರೂ ಯೂನಿಕೋಡ್ ಬೇಡ ಎನ್ನಲು ಕಾರಣ ಇದೆ. ಹಳೆಯ ಪೇಜ್‌ಮೇಕರ್‌ಗೆ, ಹಳೆಯ ಕೋರಲ್‌ಡ್ರಾಗೆ ಯೂನಿಕೋಡ್ ಕನ್ನಡ ಹಿಡಿಸದು. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಂಡರೆ ಒತ್ತಕ್ಷರ ಒಡೆಯುವುದಿಲ್ಲ. ಆರಿಸದೆ ನೋಡಿ ‘ಆಗುವುದೇ ಇಲ್ಲ’ ಎಂದು ಕೈಬಿಟ್ಟವರು ಇದ್ದಾರೆ. ಅಚ್ಚಿಗೆ ನುಡಿ ಬೇಕಾದರೆ ಮೂಲವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಅಚ್ಚಿನ ಪ್ರತಿಯನ್ನಷ್ಟೇ ನುಡಿಗೆ ಬದಲಿಸಿಕೊಳ್ಳುವುದು ಸರಿಯಾದ ಕ್ರಮ. ಗಿರಾಕಿಗಳು ಹಣ ಕೊಟ್ಟು ಟೈಪ್ ಮಾಡಿಸುವಾಗ ಪ್ರಿಂಟಿನ ಜೊತೆ ಯೂನಿಕೋಡ್ ಕಡತವನ್ನೂ ಕೇಳಿ ಪಡೆಯಬೇಕು.

ತಮ್ಮಲ್ಲಿ ಒಂದು ಕೋರಿಕೆ. ವಾಚಕರ ಪತ್ರಗಳನ್ನು ಯೂನಿಕೋಡ್‌ನಲ್ಲೇ ಕಳಿಸಿ ಎಂಬ ಒಂದು ಸಾಲನ್ನು ಈ ಅಂಕಣದ ಕೆಳಗೆ ಹಾಕಿಸಿ. ಇ-ಪೇಪರಿನಲ್ಲಿ ಜಿಲ್ಲಾ ಪುಟದ ಸುದ್ದಿಗಳು ಪುಟದ ಚಿತ್ರವಾಗಿ ಮಾತ್ರ ಉಳಿಯದೆ ಪಠ್ಯವಾಗಿಯೂ ಸಿಗುವಂತೆ ಮಾಡಿ. ಈ ಪತ್ರವನ್ನು ಯೂನಿಕೋಡ್‌ನಲ್ಲೇ ಕಳಿಸುತ್ತಿದ್ದೇವೆ. ಉದಾಹರಣೆಗೆಂದು ಕೊಟ್ಟ ‘ಗ೦ಗಾವತಿ’, ‘ಯಲಬುಗಾ೯’, ‘ದೇವದುಗ೯’ಗಳಲ್ಲಿ ಮಾತ್ರ ಅಕ್ಷರದ ಬದಲು ಅಂಕಿಯನ್ನು ಬೇಕೆಂದೇ ಇಟ್ಟಿದ್ದೇವೆ, ಪುಟ ಕಟ್ಟುವವರು ದಯವಿಟ್ಟು ಅವನ್ನು ತಿದ್ದದಿರಲಿ.

ವಂದನೆಗಳೊಂದಿಗೆ,
ಕನ್ನಡ ಟೈಪಿಂಗ್ ಕೆಲಸದವರು, ಕೊಪ್ಪಳ